ಕೇರಿ ಮೂಲೆಯ ಗೋಡು

ಹಾಸನದಲ್ಲಿ ಕೂತುಕೊಂಡು ಸಮುದ್ರದ ತಳದ ಮಣ್ಣು ನೋಡುತ್ತೇನೆ ಅಂದರೆ ಜನ ನನ್ನನ್ನು ಒಂಥರಾ ನೋಡುತ್ತಾರೆ. ಬಾಡಿಗೆ ಮನೆ ಕೇಳಲು ಹೋದಾಗ ಮನೆ ಓನರ್ ಹೆಂಗಸು, "ಇಲ್ಲಿ ಸಮುದ್ರ ಎಲ್ಲಿದೆ ಮೇಡಂ?" ಎಂದು ಕೇಳಿದ್ದರು. ಮಣ್ಣು ಡಬ್ಬಿಯಲ್ಲಿ ಬರುತ್ತದೆ ಎಂದೆ. ಅದು ಅವರಿಗೆ ಇನ್ನೂ ವಿಚಿತ್ರವಾಗಿ ಕಂಡಿತು. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಅದಕ್ಕೆ ಮೊದಲು ಕೆಲವು ವರ್ಷ ಕರಾವಳಿಯ ಲ್ಯಾಬೊಂದರಲ್ಲಿ ಸಂಶೋಧನೆ ಮಾಡಿದ್ದೆ. ಅಲ್ಲಿ ಹಿಡಿದ ಚಟ ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ.

ಕಡಲ ತಳದ ಕೆಸರಿನಲ್ಲಿ ಮರಳಿನ ಕಣಕ್ಕಿಂತಲೂ ಚಿಕ್ಕ ಚಿಪ್ಪುಗಳಿರುತ್ತವೆ. ಒಂದೇ ಜೀವಕೋಶದ ಪ್ರಾಣಿಗಳು ಬದುಕಿದ್ದಾಗ ಸುತ್ತಲಿನ ನೀರಿನಿಂದಲೇ ಸುಣ್ಣ ತೆಗೆದು ಕಟ್ಟಿಕೊಂಡ ಮನೆಗಳು ಅವು. ಆಗಿನ ನೀರಿನಲ್ಲಿ ಯಾವ ಲೋಹ ಎಷ್ಟಿತ್ತು ಎಂಬುದರ ಗುರುತು ಆ ಸುಣ್ಣದೊಳಗೆ ಉಳಿದುಬಿಡುತ್ತದೆ. ಪ್ರಾಣಿ ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ, ಅದರ ಮೇಲೆ ಮಣ್ಣು ಕೂರುತ್ತದೆ, ಮಣ್ಣಿನ ಮೇಲೆ ಮತ್ತೆ ಚಿಪ್ಪು. ಕಡಲಿಗೆ ಎಣ್ಣೆ ಚೆಲ್ಲಿದಾಗ ಎಷ್ಟು ಕೆಟ್ಟಿದೆ ಅಂತ ಎಲ್ಲರೂ ಅಳೆಯಲು ಓಡುತ್ತಾರೆ. ಕೆಡುವುದಕ್ಕೆ ಮೊದಲು ಹೇಗಿತ್ತು ಅಂತ ಮಾತ್ರ ಯಾರೂ ಅಳೆದಿಟ್ಟಿರುವುದಿಲ್ಲ. ಎಣ್ಣೆಯ ಪದರದ ಕೆಳಗೆ ಮಲಗಿರುವ ಚಿಪ್ಪುಗಳನ್ನು ತೆಗೆದು ಪರೀಕ್ಷಿಸಿದರೆ ಅದು ಗೊತ್ತಾಗುತ್ತದೆ. ಮೊದಲಿನದು ಗೊತ್ತಿದ್ದರೆ ತಾನೇ ಆಮೇಲಿನದನ್ನು ಅದರ ಪಕ್ಕ ಇಟ್ಟು ನೋಡುವುದು?

ಕೆಲಸ ಮಾತ್ರ ತಾಳ್ಮೆಯದು. ಮಣ್ಣನ್ನು ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಮಾಡಿದ ಬ್ರಷ್ಷಿನ ತುದಿಯಲ್ಲಿ ಒಂದೊಂದೇ ಚಿಪ್ಪನ್ನು ಎತ್ತಬೇಕು. ಮಿಕ್ಕ ವಿಷಯಗಳಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ. ಇದೊಂದರಲ್ಲಿ ಎಲ್ಲಿಂದ ತಾಳ್ಮೆ ಬಂತು ಅಂತ ನನ್ನ ಗಂಡನಿಗೆ ಇವತ್ತಿಗೂ ಆಶ್ಚರ್ಯ. ಅವರು ಹೊಳೆನರಸೀಪುರದಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ನಮ್ಮಪ್ಪನಿಂದ ಬಂದಿರಬೇಕು ಅಂತ ನಾನು ಹೇಳುತ್ತೇನೆ. ನಮ್ಮೂರು ಮಲ್ಲಿಪಟ್ಟಣದ ಕಡೆ. ಅಪ್ಪ ಸೀಸನ್ನಿನಲ್ಲಿ ರಾಮನಾಥಪುರಕ್ಕೆ ಹೋಗಿ ಕೂಲಿಗೆ ಹೊಗೆಸೊಪ್ಪು ವಿಂಗಡಿಸುತ್ತಿದ್ದ. ಎಲೆ ಎಲೆಯನ್ನೂ ಬೆಳಕಿಗೆ ಹಿಡಿದು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆಗೆ ಹಾಕುತ್ತಿದ್ದ.

ನನ್ನ ತಂಗಿಯನ್ನು ಚನ್ನರಾಯಪಟ್ಟಣದ ಹತ್ತಿರ, ಹೈವೇಯಿಂದ ಸ್ವಲ್ಪ ಒಳಗಿರುವ ಹಳ್ಳಿಗೆ ಕೊಟ್ಟಿದ್ದೇವೆ. ಊರಿನ ಕೆರೆಯ ಒಂದು ಮೂಲೆಗೆ ಅಂಟಿಕೊಂಡ ಹಾಗೆ ನಮ್ಮವರ ಕೇರಿ. ನಮ್ಮವರು ಅಂದರೆ ಊರಿನ ಬಾವಿಗೆ ಒಂದು ಕಾಲದಲ್ಲಿ ಹೋಗಬಾರದಾಗಿದ್ದವರು. ಈಗ ಮನೆಮನೆಯಲ್ಲಿ ಬುದ್ಧನ ಪಟ ಇದೆ, ಮದುವೆಯಲ್ಲಿ ಪಂಚಶೀಲ ಹೇಳುತ್ತೇವೆ. ತಂಗಿ ತೋಟಗಳಲ್ಲಿ ಕೂಲಿ ಮಾಡುತ್ತಾ ಕೇರಿಯ ಹೆಂಗಸರನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದಳು. ಆ ಸಂಘಕ್ಕೆ ಪಂಚಾಯ್ತಿಯಿಂದ ಕೆರೆಯ ಮೀನಿನ ಗುತ್ತಿಗೆ ಸಿಕ್ಕಿತು. ಅದೇ ಕೆರೆಯಲ್ಲಿ ಅವಳ ಅತ್ತೆ ನೀರು ಮುಟ್ಟಬೇಕಾದರೆ ಆ ಒಂದು ಮೂಲೆ ಬಿಟ್ಟು ಬೇರೆ ಕಡೆ ಹೋಗುವಂತಿರಲಿಲ್ಲ. ಈಗ ಸೊಸೆ ಇಡೀ ಕೆರೆಗೆ ಮೀನುಮರಿ ಬಿಟ್ಟಳು. ಬಿಡುವ ಮೊದಲು ಸುಣ್ಣ ಹಾಕಬೇಕೆಂದು ಮೀನುಗಾರಿಕೆಯವರು ಹೇಳಿದ್ದರಿಂದ ಹೆಂಗಸರೆಲ್ಲ ಸೊಂಟ ಕಟ್ಟಿ ನೀರಿಗಿಳಿದು ಚೀಲ ಚೀಲ ಸುಣ್ಣ ಸುರಿದಿದ್ದರು. ಆ ದಿನ ಅವಳು ಫೋನಿನಲ್ಲಿ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

ಮೀನು ಚೆನ್ನಾಗಿಯೇ ಬಂತು. ಊರಿನವರೂ ಬಂದು ಕೊಳ್ಳುತ್ತಿದ್ದರು. ಹಾಗೆ ಕೆಲವು ವರ್ಷ ನಡೆಯುವಷ್ಟರಲ್ಲಿ, ಒಂದು ಮಳೆಗಾಲದ ಬೆಳಿಗ್ಗೆ ಹೈವೇಯಲ್ಲಿ ಡೀಸೆಲ್ ಟ್ಯಾಂಕರೊಂದು ಪಲ್ಟಿ ಹೊಡೆಯಿತು. ಎಣ್ಣೆ ಚರಂಡಿ ಹಿಡಿದು, ಚರಂಡಿಯಿಂದ ಹಳ್ಳಕ್ಕೆ ಬಂದು, ಹಳ್ಳದಿಂದ ಕೆರೆಗೆ ಇಳಿಯಿತು. ಗಾಳಿ ಅದನ್ನೆಲ್ಲ ತಂದು ಕೇರಿ ಮೂಲೆಯಲ್ಲಿ ನಿಲ್ಲಿಸಿತು. ಯಾರೋ ಬಂದು ಮರದಪುಡಿ ಎರಚಿ, ಫೋಟೋ ಹೊಡೆದುಕೊಂಡು ಹೋದರು. ಮೀನು ಹೊಟ್ಟೆ ಮೇಲಾಗಿ ತೇಲಿದವು. ಮಳೆ ಜೋರಾಗಿ ಕೋಡಿ ಹರಿದ ಮೇಲೆ ನೀರಿನ ಮೇಲಿನ ಬಣ್ಣ ಹೋಯಿತು, ವಾಸನೆ ಮಾತ್ರ ಹೋಗಲಿಲ್ಲ.

ಊರಿನಲ್ಲಿ ಮಾತು ಶುರುವಾಗಿದ್ದು ಆಮೇಲೆ. ಟ್ಯಾಂಕರಿನ ಎಣ್ಣೆ ಅವತ್ತೇ ಹರಿದು ಹೋಯಿತು, ಈಗ ನಾರುತ್ತಿರುವುದು ಈ ಸಂಘದವರು ಮೀನಿಗೆ ಹಾಕಿದ ತಿಂಡಿ. ಕೋಳಿ ಅಂಗಡಿಯ ಕಸವನ್ನೆಲ್ಲ ತಂದು ಸುರಿದಿದ್ದಾರೆ. ಮೀನು ಬಿಡುವ ಮೊದಲು ಕೆರೆ ಹೇಗಿತ್ತು, ಇವರ ಕೈಗೆ ಕೊಟ್ಟ ಮೇಲೆ ಹೇಗಾಯಿತು ನೋಡಿ. ಇದನ್ನು ಜೋರಾಗಿ ಹೇಳಿದವರು ಪಂಚಾಯ್ತಿ ಮೆಂಬರೊಬ್ಬರು, ಗುತ್ತಿಗೆ ತಮ್ಮ ಕಡೆಯವರಿಗೆ ಬರಲಿ ಎಂದು ಕಾಯುತ್ತಿದ್ದವರು. ಮೆತ್ತಗೆ ಹೇಳಿದವರು ಕೆರೆ ಪಕ್ಕದ ತೆಂಗಿನ ತೋಟದ ಯಜಮಾನರು. ತಂಗಿ ಅವರ ತೋಟದಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ವಯಸ್ಸಾದವರು, ಯಾರನ್ನೂ ಗದರಿದವರಲ್ಲ. ಅಂಥವರೇ ಒಂದು ದಿನ, "ನಿಮ್ ಮೀನಿಂದ್ಲೇ ನೀರು ಕೆಟ್ಟದೇನೋ ಕಣವ್ವ," ಎಂದರಂತೆ. ಮೆಂಬರ್ ಬೈದದ್ದಕ್ಕಿಂತ ಅದು ಅವಳಿಗೆ ಹೆಚ್ಚು ತಗುಲಿತು.

ಬುದ್ಧ ಪೂರ್ಣಿಮೆಗೆ ನಾನು ಹೋದಾಗ ಪಾಯಸ ಬಡಿಸುತ್ತಾ ಎಲ್ಲ ಹೇಳಿದಳು. ಮುಂದಿನ ಗ್ರಾಮಸಭೆಯಲ್ಲಿ ತೀರ್ಮಾನವಂತೆ. ಕೆರೆ ಕೆಡಿಸಿದ್ದು ಸಂಘ ಅಂತಾದರೆ ಗುತ್ತಿಗೆ ರದ್ದು.

"ಗುತ್ತಿಗೆ ಓದ್ರೆ ಓಗ್ಲಿ ಅಕ್ಕಯ್ಯ," ಎಂದಳು. "ಕೂಲಿ ಮಾಡಿ ಬದುಕ್ತೀನಿ. ಆದ್ರೆ ನಮ್ ಕೈಗೆ ಕೊಟ್ಟಿದ್ಕೆ ಕೆರೆ ಕೆಡ್ತು ಅಂತ ಇನ್ನು ನಮ್ ಮಕ್ಳ ಕಾಲ್ದವರ್ಗೂ ಅಂತಾರೆ ಕಣೆ. ಆ ಮಾತು ಉಳ್ಕತದೆ."

ಮೆಂಬರ್ ಮನೆಗೆ ಈಗಲೇ ಹೋಗಿ ನಾಲ್ಕು ಮಾತು ಆಡಿ ಬರುತ್ತೇನೆ ಎಂದು ಎದ್ದೆ. ಅವಳು ಸೆರಗು ಹಿಡಿದು ಕೂರಿಸಿದಳು.

"ನೀನು ಓಗಿ ಜಗ್ಳ ಆಡಿ ಆಸನ್ಕೆ ಬಸ್ ಅತ್ತೀಯ. ಇಲ್ಲಿ ಇರೋಳು ನಾನು. ಅದೇನೋ ಸಮುದ್ರದ್ ಮಣ್ಣು ನೋಡಿ ಎಣ್ಣೆ ಬೀಳೋಕ್ ಮುಂಚೆ ಎಂಗಿತ್ತು ಅಂತ ಏಳ್ತೀಯಲ್ಲ, ನಮ್ ಕೆರೆದು ಏಳಕ್ಕಾಯ್ತದಾ?"

ಆಗುತ್ತದೆ ಎಂದು ನಾನು ತಕ್ಷಣ ಹೇಳಲಿಲ್ಲ. ಸಮುದ್ರದ ಆ ಚಿಪ್ಪುಗಳು ಸಿಹಿನೀರಿನ ಕೆರೆಯಲ್ಲಿ ಇರುವುದಿಲ್ಲ. ಆದರೆ ಕೆರೆಗೂ ಅದರದೇ ಜೀವಗಳಿವೆ. ಎರಡು ಎಸಳಿನ ಚಿಪ್ಪಿನೊಳಗೆ ಈಜುವ, ಸಾಸಿವೆಗಿಂತ ಚಿಕ್ಕ ಹುಳಗಳು. ಮತ್ತೆ ಪುಟಾಣಿ ಬಸವನಹುಳು. ಅವೂ ನೀರಿನಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತವೆ, ಅವೂ ತಳಕ್ಕೇ ಬೀಳುತ್ತವೆ. ಕಡಲಿಗೆ ನಡೆಯುವ ಲೆಕ್ಕ ಇಲ್ಲಿಗೂ ನಡೆಯಬೇಕು. ಒಂದೇ ಷರತ್ತು, ಮಣ್ಣಿನ ಪದರಗಳು ಬಿದ್ದ ಹಾಗೇ ಇರಬೇಕು. ಕೆಳಗಿನದು ಕೆಳಗೆ, ಮೇಲಿನದು ಮೇಲೆ.

ಬೇಸಿಗೆಯಾದ್ದರಿಂದ ಕೆರೆ ನಡುವೆ ಒಂದಿಷ್ಟು ನೀರು ಬಿಟ್ಟು ಮಿಕ್ಕದ್ದೆಲ್ಲ ಒಣಗಿತ್ತು. ಮಾರನೆಯ ದಿನವೇ ಚನ್ನರಾಯಪಟ್ಟಣದಿಂದ ಬೋರ್‌ವೆಲ್ಲಿನ ಪಿವಿಸಿ ಪೈಪು ತಂದು ಮೊಳದುದ್ದಕ್ಕೆ ಕತ್ತರಿಸಿದೆವು. ಅದನ್ನು ಮಣ್ಣಿಗೆ ಹೊಡೆದಿಳಿಸಿ, ಹೊರಕ್ಕೆ ತೆಗೆದು, ಉದ್ದಕ್ಕೆ ಸೀಳಿದರೆ ಪದರಗಳು ಕಾಣುತ್ತವೆ. ಏರಿಯ ಹತ್ತಿರ ಒಂದು ಹೊಡೆದೆವು. ತೂಬಿನ ಮುಂದೆ ಒಂದು, ತೋಟದ ಮಗ್ಗುಲಲ್ಲಿ ಒಂದು. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದೊಂದನ್ನೂ ಸೀಳಿದ ಹಾಗೆ ನನ್ನ ಮುಖ ಇಳಿಯುತ್ತಾ ಹೋಯಿತು. ಎಲ್ಲ ಕಲಸುಮೇಲೋಗರ. ಕೆಳಗಡೆ ಗುಟ್ಕಾ ಚೀಟಿ, ಅದರ ಮೇಲೆ ಹಳೇ ಕಾಲದ ಮಡಕೆ ಚೂರು, ಅದರ ಮೇಲೆ ಮತ್ತೆ ಶಾಂಪೂ ಪ್ಯಾಕೆಟ್ಟು.

ಕಾರಣ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಸಾಕು, ನಮ್ಮ ಕಡೆ ರೈತರು ಕೆರೆಯ ಗೋಡು, ಅಂದರೆ ತಳದ ಹೂಳುಮಣ್ಣು, ತುಂಬಿಕೊಂಡು ಹೋಗಿ ತೋಟಕ್ಕೆ ಹೊಡೆಯುತ್ತಾರೆ. ತೆಂಗಿನ ಬುಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹಿಂದೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದದ್ದು ಈಗ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ತೋಡಿದ ಗುಂಡಿಗೆ ಮಳೆ ಬಂದಾಗ ದಂಡೆ ಕುಸಿಯುತ್ತದೆ, ಹಳೆಯದು ಹೊಸದು ಒಂದಾಗುತ್ತದೆ. ಊರಿಗೆ ಒಳ್ಳೆಯ ಪದ್ಧತಿ, ನನ್ನ ಕೆಲಸಕ್ಕೆ ಶನಿ. ಪೈಪು ಬಿಸಾಕಿ ಏರಿಯ ಮೇಲೆ ಕೂತೆ.

ಕೂತಲ್ಲಿಂದ ಇಡೀ ಕೆರೆ ಅಂಗಳ ಕಾಣುತ್ತಿತ್ತು. ಎಲ್ಲಿ ನೋಡಿದರೂ ಟ್ರ್ಯಾಕ್ಟರ್ ಚಕ್ರದ ಗುರುತು, ಗುಂಡಿ, ದಿಣ್ಣೆ. ಒಂದು ಕಡೆ ಮಾತ್ರ ನೆಲ ಸಾರಿಸಿಟ್ಟ ಹಾಗೆ ಮಟ್ಟಸವಾಗಿ, ಬಿರುಕು ಬಿಟ್ಟುಕೊಂಡು ಮಲಗಿತ್ತು. ಕೇರಿ ಮೂಲೆ. ನೋಡುತ್ತಾ ನೋಡುತ್ತಾ ನನಗೆ ಮಲ್ಲಿಪಟ್ಟಣದ ಕಡೆಯ ನಮ್ಮೂರ ಕೆರೆ ಕಣ್ಣ ಮುಂದೆ ಬಂತು. ಅಲ್ಲೂ ನಾವು ಇಳಿಯುವ ಕಡೆ ಯಾರ ಗಾಡಿಯೂ ನಿಲ್ಲುತ್ತಿರಲಿಲ್ಲ.

"ಅಲ್ಲಿ ಯಾಕೆ ಯಾರೂ ಗೋಡು ತುಂಬಿಲ್ಲ?" ಎಂದೆ, ಗೊತ್ತಿದ್ದೂ.

ತಂಗಿ ನನ್ನ ಮುಖ ನೋಡಿದಳು. "ಏನೂ ಗೊತ್ತಿಲ್ದೋಳಂಗೆ ಕೇಳ್ತೀಯಲ್ಲ. ನಮ್ ಮೂಲೆ ಗೋಡು ಯಾರ್ ತ್ವಾಟಕ್ಕೆ ಬೇಕು?"

"ನಮ್ಮವರು?"

"ನಮ್ಮೋರ್ಗೆ ತ್ವಾಟ ಎಲ್ಲಿತ್ತು? ಮನೆ ಸಾರ್ಸಕ್ಕೆ ದಡ್ದಾಗೆ ಒಂದ್ ಪುಟ್ಟಿ ಎತ್ಕಂಡಿರ್ಬೋದು. ಒಳೀಕ್ಕೆ ಇಳ್ದಿಲ್ಲ."

ದಡ ಬಿಟ್ಟು ಒಳಗೆ ನಡೆದು ಪೈಪು ಹೊಡೆದೆವು. ಸೀಳಿ ಬೆಳಕಿಗೆ ಹಿಡಿದೆ. ಮೇಲುಗಡೆ ಎಣ್ಣೆ ವಾಸನೆಯ ಕಪ್ಪು ಪದರ. ಅದರ ಕೆಳಗೆ ಬೂದುಬಣ್ಣದ ಮಣ್ಣು, ಚೂರೂ ಕದಡಿಲ್ಲ. ಅದರ ಕೆಳಗೆ ಹೊಲಿಗೆ ದಾರದಷ್ಟು ತೆಳ್ಳಗೆ ಒಂದು ಬಿಳಿ ಗೆರೆ. ತಂಗಿ ಬಗ್ಗಿ ಉಗುರಿನಿಂದ ಕೆರೆದು ನೋಡಿ, "ಸುಣ್ಣ ಕಣೆ," ಎಂದಳು. ಹೆಂಗಸರು ಮೀನು ಬಿಡುವ ಮುಂಚೆ ಸುರಿದಿದ್ದ ಸುಣ್ಣ. ಗೆರೆಯ ಮೇಲಿರುವುದು ಮೀನಿನ ವರ್ಷಗಳು, ಕೆಳಗಿರುವುದು ಅದಕ್ಕೂ ಹಿಂದಿನ ಕೆರೆ. ಇನ್ನಷ್ಟು ಕಡೆ ಹೊಡೆದೆವು, ಎಲ್ಲದರಲ್ಲೂ ಅದೇ ಗೆರೆ ಅದೇ ಜಾಗದಲ್ಲಿತ್ತು. ನನಗೆ ಖುಷಿಯೂ ಆಯಿತು, ಈ ಮಣ್ಣು ಯಾಕೆ ಹೀಗೆ ಉಳಿದಿದೆ ಎಂದು ನೆನೆದು ಸಂಕಟವೂ ಆಯಿತು. ಎರಡೂ ಒಟ್ಟಿಗೆ ಬಂದದ್ದಕ್ಕೆ ಏನು ಮಾಡಬೇಕೋ ತಿಳಿಯದೆ ಸುಮ್ಮನೆ ಪೈಪಿಗೆ ಪ್ಲಾಸ್ಟಿಕ್ ಸುತ್ತಿದೆ.

ಹಾಸನದ ಮನೆಯಲ್ಲಿ ಅಡುಗೆಮನೆಯ ಕಟ್ಟೆ ನನ್ನ ವಶವಾಯಿತು. ಪ್ರತಿ ಪದರವನ್ನೂ ಬೇರೆ ಬೇರೆ ತಟ್ಟೆಯಲ್ಲಿ ನೆನೆಸಿದೆ. "ಯಾವುದು ಇಡ್ಲಿ ಹಿಟ್ಟು, ಯಾವುದು ಕೆರೆ ಅಂತ ಹೇಳಿಬಿಡು," ಎಂದು ಗಂಡ ದಿನಾ ರೇಗಿಸುತ್ತಿದ್ದರು. ಚಿಪ್ಪು ಆರಿಸುತ್ತಾ ಕೂತಾಗಲೇ ಅರ್ಧ ಕಥೆ ಕಂಡಿತು. ಸುಣ್ಣದ ಗೆರೆಯ ಕೆಳಗೂ ಮೇಲೂ ಎರಡೆಸಳಿನ ಚಿಪ್ಪುಗಳು ಒಂದೇ ಸಮನಾಗಿ, ದುಂಡಗೆ, ಗಟ್ಟಿಯಾಗಿ ಇದ್ದವು. ಕಪ್ಪು ಪದರ ಮುಟ್ಟುತ್ತಿದ್ದ ಹಾಗೇ ವಿರಳವಾದವು. ಇದ್ದವೂ ತೆಳ್ಳಗೆ, ಸೊಟ್ಟಗೆ. ಒಳಗಿನ ಲೋಹದ ಲೆಕ್ಕಕ್ಕೆ ನನ್ನ ಹಳೆಯ ಲ್ಯಾಬಿನವರಿಗೆ ಕಳಿಸಿದೆ. ಅಲ್ಲಿ ಒಬ್ಬ ಗೆಳತಿ ಇದ್ದಾಳೆ, ಕಡಲ ತಳದ ಚಿಪ್ಪುಗಳಿಗೆ ಮಾಡುವ ಪರೀಕ್ಷೆಯನ್ನೇ ಇವಕ್ಕೂ ಮಾಡಿಕೊಟ್ಟಳು. ಫಲಿತಾಂಶವೂ ಅದನ್ನೇ ಹೇಳಿತು. ಮೀನಿನ ವರ್ಷಗಳ ಚಿಪ್ಪಿಗೂ ಅದಕ್ಕಿಂತ ಹಿಂದಿನದಕ್ಕೂ ವ್ಯತ್ಯಾಸವಿಲ್ಲ. ಬದಲಾದದ್ದು ಎಣ್ಣೆ ಬಂದ ಮೇಲೆ. ಹೈವೇ ಧೂಳಿನದೋ ಏನೋ, ಲೋಹದ ಒಂದು ಸಣ್ಣ ಗುರುತು ಮಾತ್ರ ಹಳೆಯ ಪದರಗಳಲ್ಲೂ ಇತ್ತು. ಅದನ್ನೂ ವರದಿಯಲ್ಲಿ ಸೇರಿಸಿದೆ, ಮುಚ್ಚಿಡುವುದು ನನ್ನಿಂದಾಗದ ಕೆಲಸ.

ಗ್ರಾಮಸಭೆ ಪಂಚಾಯ್ತಿ ಕಟ್ಟಡದ ಮುಂದಿನ ಶಾಮಿಯಾನದಲ್ಲಿ ನಡೆಯಿತು. ಕೇರಿಯ ಹೆಂಗಸರು ಒಂದು ಕಡೆ ಒತ್ತೊತ್ತಾಗಿ ಕೂತಿದ್ದರು. ತಂಗಿ ಮುಂದಿನ ಸಾಲಿನಲ್ಲಿದ್ದಳು. ಪಂಚಾಯ್ತಿಯ ಪಿಡಿಒ ನನಗೆ ಮೈಕು ಕೊಟ್ಟರು. ಪಾಠ ಮಾಡುವ ಹಾಗೆ ಮಾಡಬಾರದು ಎಂದು ತಂಗಿ ಮೊದಲೇ ಎಚ್ಚರಿಸಿದ್ದಳು. ಸೀಳಿದ ಪೈಪನ್ನೇ ಮೇಜಿನ ಮೇಲಿಟ್ಟು, ಇದು ಎಣ್ಣೆ, ಇದು ಮೀನಿನ ವರ್ಷ, ಇದು ಸುಣ್ಣ, ಇದು ಅದರ ಹಿಂದಿನದು ಎಂದು ಬೆರಳಿಟ್ಟು ತೋರಿಸಿದೆ. ಮೀನಿನ ವರ್ಷದ ಚಿಪ್ಪೂ ಅದರ ಹಿಂದಿನದೂ ಒಂದೇ ಥರ ಇವೆ, ಕೆಟ್ಟದ್ದು ಎಣ್ಣೆ ಬಂದ ಮೇಲೆ ಎಂದೆ. ಕೆರೆಯ ಮಿಕ್ಕ ಕಡೆ ಗೋಡು ತೆಗೆದು ಮಣ್ಣು ಕದಡಿದೆ, ಅದು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕೇರಿ ಮೂಲೆಯದನ್ನು ತೆಗೆದುಕೊಂಡೆ ಎಂದೂ ಹೇಳಿದೆ. ಜನ ಬಂದು ಬಗ್ಗಿ ನೋಡಿದರು. ತೋಟದ ಯಜಮಾನರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಮೆಂಬರ್ ಎದ್ದು ನಿಂತರು.

"ಮೇಡಂ, ನೀವು ಓದಿದೋರು. ಮಿಕ್ಕಿದ್ ಕಡೆ ಮಣ್ಣು ಕದಡೋಗದೆ, ಲೆಕ್ಕಕ್ಕಿಲ್ಲ ಅಂತ ನೀವೇ ಅಂದ್ರಿ. ಆ ಮೂಲೆ ಮಾತ್ರ ಕದಡಿಲ್ಲ ಅಂತ ಎಂಗೆ ಏಳ್ತೀರಿ? ಅಲ್ಲೂ ಯಾರೋ ಗೋಡು ತುಂಬಿರ್ತಾರೆ. ಸುಣ್ಣ ನಿಮ್ಮೋರೇ ಆಮೇಲೆ ತಂದು ಸುರ್ದಿರ್ಬೋದು. ನಿಮ್ ತಂಗಿ ಮನೆ ಮುಂದಿನ ಮಣ್ಣು ತಂದು ಕೆರೆ ಮಣ್ಣು ಅಂತಿದೀರ, ಅಷ್ಟೆ."

ನನಗೆ ರೇಗಿತು. ಆದರೆ ಪ್ರಶ್ನೆ ಸರಿಯಾಗಿತ್ತು, ನನ್ನ ವಿದ್ಯಾರ್ಥಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಆ ಮೂಲೆಯಲ್ಲಿ ಹೊಡೆದ ಎಲ್ಲ ಪೈಪಿನಲ್ಲೂ ಗೆರೆ ಒಂದೇ ಜಾಗದಲ್ಲಿದೆ, ಕದಡಿದ್ದರೆ ಹಾಗಿರುವುದಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ಆ ಮೂಲೆಯ ಮಣ್ಣನ್ನು ಯಾರೂ ತೆಗೆದಿಲ್ಲ ಎನ್ನುವುದಕ್ಕೆ ನನ್ನ ಬಳಿ ಇನ್ನು ಸಾಕ್ಷಿ ಇರಲಿಲ್ಲ. ಸಾಕ್ಷಿ ಇದ್ದದ್ದು ಎದುರಿಗೆ ಕೂತವರ ಬಳಿ.

"ಇಲ್ಲಿ ತೋಟ ಇರುವವರು ತುಂಬಾ ಜನ ಇದ್ದೀರಿ," ಎಂದೆ. "ಕೇರಿ ಮೂಲೆಯಿಂದ ಯಾವತ್ತಾದರೂ ಒಂದು ಗಾಡಿ ಗೋಡು ತುಂಬಿದವರು ಕೈ ಎತ್ತಿ."

ಯಾರೂ ಎತ್ತಲಿಲ್ಲ.

"ಅಂಗಂದ್ರೆ ತುಂಬಿಲ್ಲ ಅಂತಲ್ಲ," ಎಂದರು ಮೆಂಬರ್. "ನೆಪ್ಪಿರಲ್ಲ ಯಾರ್ಗೂ. ಬಿಡಿ ಸಾ, ಇದು ನಿಲ್ಲಲ್ಲ. ಮುಂದಿನ್ ವಿಷ್ಯ ತಗಳಿ."

ಪಿಡಿಒ ಕಾಗದ ತಿರುವಿದರು. ತಂಗಿಯ ಕಡೆ ನೋಡಿದೆ. ಅವಳು ಮಡಿಲಲ್ಲಿ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಕೆರೆ ಹೋಯಿತು ಎಂದುಕೊಂಡೆ. ಆಗ ತೋಟದ ಯಜಮಾನರು ಕೋಲೂರಿ ಎದ್ದರು.

"ತುಂಬಿಲ್ಲ," ಎಂದರು. "ನಾನು ತುಂಬಿಲ್ಲ, ನಮ್ಮಪ್ಪ ತುಂಬಿಲ್ಲ. ಈ ಊರಲ್ಲಿ ಯಾರೂ ತುಂಬಿಲ್ಲ. ಆ ಮೂಲೇಲಿ ಗೋಡು ಬಲು ಚೆನ್ನಾಗದೆ ಅಂತ ಎಲ್ರಿಗೂ ಗೊತ್ತು. ಆದ್ರೂ ತುಂಬಿಲ್ಲ."

"ಸುಮ್ಕಿರಿ ಯಜಮಾನ್ರೇ," ಎಂದರು ಮೆಂಬರ್. "ಅಳೇ ಮಾತೆಲ್ಲ ಯಾಕೆ ಈಗ?"

ತಂಗಿ ಎದ್ದು ನಿಂತಳು. ದನಿ ಏರಿಸಲಿಲ್ಲ. "ಯಾಕ್ ತುಂಬಿಲ್ಲ ಯಜಮಾನ್ರೇ? ಅದೂ ಏಳ್ಬುಡಿ."

ಅವರು ಅವಳನ್ನು ನೋಡಿದರು. ದಿನಾ ಅವರ ತೋಟದಲ್ಲಿ ಕಾಯಿ ಹೊರುವವಳು.

"ಮೈಲಿಗೆ ಅಂತ ಕಣವ್ವ," ಎಂದರು. "ನಿಮ್ಮೋರು ಇಳ್ದಿದ್ ನೀರಿನ್ ಮಣ್ಣು, ನಮ್ ತ್ವಾಟಕ್ಕೆ ಬ್ಯಾಡ ಅಂತ. ಮೊನ್ನೆ ಬ್ಯಾಸ್ಗೇಲೂ ನನ್ ಟ್ಯಾಕ್ಟ್ರಿಗೆ ಆ ಕಡೆ ಓಗ್ಬ್ಯಾಡ ಅಂದಿದ್ದೆ."

ಮೆಂಬರ್ ಕೂತರು. ನಾವು ಗೆದ್ದಿದ್ದೆವು, ಆದರೆ ಗೆದ್ದ ಸಂತೋಷ ನನಗೆ ಆಗಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತನ್ನು ಎಲ್ಲರ ಮುಂದೆ ಕೇಳುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ಪಿಡಿಒ ಗಂಟಲು ಸರಿಮಾಡಿಕೊಂಡರು. "ಹಾಗಾದರೆ ಮಣ್ಣು ಯಾರೂ ಮುಟ್ಟಿಲ್ಲ ಅಂತಾಯಿತು. ವರದಿ ಒಪ್ಪೋಣ. ಕೆರೆ ಕೆಟ್ಟಿದ್ದು ಎಣ್ಣೆಯಿಂದ, ಗುತ್ತಿಗೆ ಸಂಘಕ್ಕೇ ಇರಲಿ." ಯಾರೂ ಬೇಡ ಅನ್ನಲಿಲ್ಲ. ಅವರು ನಡಾವಳಿ ಬರೆಯಲು ಪೆನ್ನು ತೆಗೆದು, ಸ್ವಲ್ಪ ಯೋಚಿಸಿ, "ಕಾರಣ ಏನಂತ ಹಾಕಲಿ? ಸಾಂಪ್ರದಾಯಿಕ ಕಾರಣಗಳಿಂದ ಸದರಿ ಮೂಲೆಯ ಹೂಳು ತೆಗೆದಿರುವುದಿಲ್ಲ ಅಂತ ಬರೆದರೆ ಸಾಕಲ್ಲ?" ಎಂದರು.

"ಬ್ಯಾಡಿ ಸಾ," ಎಂದಳು ತಂಗಿ. "ಯಜಮಾನ್ರು ಏನ್ ಏಳುದ್ರೋ ಅಂಗೇ ಬರೀರಿ."

ಪಿಡಿಒ ಯಜಮಾನರ ಕಡೆ ನೋಡಿದರು. ಅವರು ಇನ್ನೂ ನಿಂತೇ ಇದ್ದರು.

"ಬರ್ಕಳಪ್ಪ," ಎಂದರು. ಆಮೇಲೆ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಬರೆಯುವವರಿಗೆ ಅನುಕೂಲವಾಗಲಿ ಎಂದು ನಿಧಾನವಾಗಿ, ಅದೇ ಮಾತನ್ನು ಮೊದಲಿನಿಂದ ಇನ್ನೊಂದು ಸಲ ಹೇಳಿದರು.